ಕಣ್ಣಿಗೆ ಕಾಣದ ಸಾಲುಗಳು

ಮೊದಲ ಒದೆತಕ್ಕೆ ಬಾಗಿಲಿನ ಚಿಲಕ ಅಲುಗಾಡಿತು. ಎರಡನೆಯದಕ್ಕೆ ಕಿತ್ತು ಬಂತು!

ನಾನು ಕಟಿಂಗ್ ಟೇಬಲ್ಲಿನ ಕೆಳಗೆ ಮುದುಡಿಕೊಂಡೆ. ಫೋನು ಕಿವಿಗೆ ಒತ್ತಿತ್ತು.

“ಮೇಡಂ, ಬಂದೇಬಿಟ್ರು!”

“ಇಷ್ಟು ಬೇಗಾನಾ?” ಇನ್‌ಸ್ಪೆಕ್ಟರ್ ಮೇಡಂ ಬೈದುಕೊಂಡರು. “ಗೇಟಿಗೆ ಅಡ್ಡವಾಗಿ ಲಾರಿ ಕೆಟ್ಟು ನಿಂತಿದೆ. ನಡ್ಕೊಂಡೇ ಬರ್ತೀವಿ. ಮಾತಾಡಿಸ್ತಾ ಇರು. ಫೋನ್ ಮಾತ್ರ ಇಡಬೇಡ!”

ಮಾತಾಡಿಸಬೇಕಂತೆ! ಕೈಯಲ್ಲಿ ಕಬ್ಬಿಣದ ರಾಡು ಹಿಡಿದು ಬಂದವನನ್ನು!

“ಬಾರೇ ಹೊರಗೆ... ಇನ್ನೂ ಎಷ್ಟು ಅಂತ ಓಡ್ತೀಯ?”

ಭಾವನ ದನಿ. ಅವರು ಕರೆಯುತ್ತಿದ್ದದ್ದು ನನ್ನನ್ನಲ್ಲ, ನನ್ನ ಅಕ್ಕನನ್ನು.

ಅಕ್ಕ ಅಲ್ಲಿರಲಿಲ್ಲ.

ನೋಡಿ, ನಾನು ಧೈರ್ಯವಂತೆಯಲ್ಲ. ಬೀಗ ಹಾಕಿದ ಬಾಗಿಲನ್ನು ಮತ್ತೆ ಮತ್ತೆ ಎಳೆದು ನೋಡುವವಳು. ಆ ಗುಣವೇ ನನ್ನ ಕಸುಬಾಯಿತು. ಹೊಡೆಯುವ ಗಂಡಂದಿರಿಂದ ಓಡಿಬಂದ ಹೆಂಗಸರ ಹೆಸರು, ಫೋಟೊ, ವಿಳಾಸಗಳನ್ನು ಇಂಟರ್‌ನೆಟ್ಟಿನಿಂದ ಒರೆಸಿ ಹಾಕುತ್ತೇನೆ. ಎಷ್ಟೋ ಜನರನ್ನು ಹಾಗೆ ಬಚ್ಚಿಟ್ಟಿದ್ದೇನೆ.

ಅಕ್ಕನನ್ನು ಮಾತ್ರ ಬಚ್ಚಿಡಲು ಆಗಲಿಲ್ಲ.

ಯಾಕೆಂದರೆ ಭಾವನ ಕಂಪನಿ ಮಾಡುವುದೇ ಹುಡುಕುವ ಟೂಲು! ಎಐ ಏಜೆಂಟಿಗೆ ಬಾಯಿಮಾತಿನಲ್ಲಿ ಕೆಲಸ ಹೇಳಿದರೆ ಸಾಕು. ಆ ಟೂಲು ಸಾವಿರಾರು ವೆಬ್ ಪುಟಗಳನ್ನು ಕೆರೆದು, ಬಣ್ಣ ಚಿತ್ರ ಎಲ್ಲ ಕಳಚಿ, ಬರೀ ಅಕ್ಷರಗಳನ್ನು ಏಜೆಂಟಿನ ಮುಂದೆ ಸುರಿಯುತ್ತದೆ. ಏಜೆಂಟು ಅದನ್ನು ಓದಿ ಉತ್ತರ ಹೇಳುತ್ತದೆ. ಪುಟವನ್ನು ಮನುಷ್ಯರು ತೆರೆದು ನೋಡುವ ಕೆಲಸವೇ ಇಲ್ಲ.

ಮದುವೆಯಾದ ವರ್ಷವೇ ಭಾವ ಅಕ್ಕನ ಬಲಗೈಯನ್ನು ಬಾಗಿಲ ಸಂದಿಗೆ ಇಟ್ಟು ಒತ್ತಿದ್ದರು. ಬೆರಳು ಸೊಟ್ಟಗಾದವು. ಅಕ್ಕ ಟೈಲರ್. ಹಟ ಹಿಡಿದು ಎಡಗೈಯಲ್ಲಿ ಕತ್ತರಿ ಆಡಿಸುವುದನ್ನು ಕಲಿತಳು. ಓಡಿಬಂದ ಮೇಲೆ ಹೆಸರು ಬದಲಿಸಿ ಅಂಗಡಿ ಇಟ್ಟಳು. ಯಾರೋ ಗಿರಾಕಿ ಮೆಚ್ಚಿಕೊಂಡು ರಿವ್ಯೂ ಬರೆದಳು: ‘ಪಾಪ, ಬಲಗೈ ಬೆರಳು ಸೊಟ್ಟ. ಎಡಗೈಯಲ್ಲೇ ಎಷ್ಟು ಚೆನ್ನಾಗಿ ಕತ್ತರಿಸ್ತಾರೆ!’

ಅಷ್ಟು ಸಾಕಾಯಿತು. ತಾವು ಮಾಡಿದ ಗಾಯವನ್ನೇ ಗುರುತು ಹಿಡಿದು ಭಾವ ಬಂದು ನಿಂತರು!

ಊರು ಬದಲಿಸಿದೆವು. ಮತ್ತೆ ಬಂದರು. ಹತ್ತಿರ ಸುಳಿಯಬಾರದೆಂದು ಕೋರ್ಟಿನ ಆದೇಶವಿತ್ತು. ಪ್ರತಿ ಸಲವೂ ಭಾವನದು ಒಂದೇ ಉತ್ತರ: “ಏನೋ ಕೆಲಸಕ್ಕೆ ಬಂದಿದ್ದೆ, ಕಣ್ಣಿಗೆ ಬಿದ್ದಳು.”

“ಹುಡುಕಿಕೊಂಡು ಬಂದ ಅಂತ ಪುರಾವೆ ಕೊಡಮ್ಮ,” ಅಂದಿದ್ದರು ಇನ್‌ಸ್ಪೆಕ್ಟರ್ ಮೇಡಂ. “ಮಿಕ್ಕಿದ್ದು ನಾನು ನೋಡ್ಕೋತೀನಿ.”

ಪುರಾವೆ ಇಲ್ಲದಿದ್ದರೆ... ಹುಟ್ಟಿಸಿದರಾಯಿತು!

“ಯಾರಲ್ಲಿ?”

ರಾಡು ಟೇಬಲ್ಲಿನ ಮೇಲೆ ಅಪ್ಪಳಿಸಿತು. ನಾನು ಎದ್ದು ಓಡಿದೆ. ಮುಚ್ಚಿಹೋದ ಗಾರ್ಮೆಂಟ್ ಫ್ಯಾಕ್ಟರಿ ಅದು. ಸಾಲು ಸಾಲು ಹೊಲಿಗೆ ಯಂತ್ರ, ಗೋಡೆಗೊರಗಿದ ಬಟ್ಟೆಯ ಸುರುಳಿಗಳು. ಒಂದನ್ನು ಎಳೆದು ಅವರ ಕಾಲಿಗೆ ಉರುಳಿಸಿದೆ. ಎಡವಿದರು... ಬೀಳಲಿಲ್ಲ!

ನನ್ನ ಜಡೆ ಅವರ ಕೈಗೆ ಸಿಕ್ಕಿತು.

“ಓಹೋ, ನಾದಿನಿ!” ಭಾವ ನಕ್ಕರು. “ಅಕ್ಕನ ಕಾವಲಿಗೆ ನೀನಾ? ಎಲ್ಲಿ ಅವಳು?”

ರಾಡು ಕೆಳಗೆ ಬಿತ್ತು. ಜಡೆ ಹಿಡಿದು ನನ್ನನ್ನು ಒಂದು ಯಂತ್ರದ ಮೇಲೆ ಬಗ್ಗಿಸಿದರು. ತಮ್ಮ ಬಲಗೈಯನ್ನು ಯಂತ್ರದ ಮೇಲೆ ಊರಿ ಭಾರ ಬಿಟ್ಟರು. ಕೆನ್ನೆಗೆ ಎಣ್ಣೆ ಮೆತ್ತಿದ ತಣ್ಣನೆ ಕಬ್ಬಿಣ ತಾಗಿತು. ನಾನು ಸದ್ದು ಮಾಡಿ ಅವರನ್ನು ಒಳಗೆ ಸೆಳೆಯಲೆಂದು ಓಡಿಸುತ್ತಿದ್ದ ಯಂತ್ರವೇ. ಕರೆಂಟು ಇನ್ನೂ ಇತ್ತು.

“ಭಾವ... ಇಲ್ಲಿದ್ದಾಳೆ ಅಂತ ಯಾರು ಹೇಳಿದ್ರು?”

“ಯಾರು ಹೇಳ್ಬೇಕು? ನನ್ನ ಟೂಲಿಗೆ ಸಿಗದೆ ಇರೋದು ಏನಿದೆ?”

“ಸುಳ್ಳು! ಏನೋ ಅಕಸ್ಮಾತ್ ಬಂದಿರ್ತೀರ.”

“ಅಕಸ್ಮಾತ್ತಾ?” ಅವರ ಜಂಬಕ್ಕೆ ಪೆಟ್ಟು ಬಿತ್ತು. “ಅದು ಕೋರ್ಟಿಗೆ ಹೇಳೋ ಮಾತು ಕಣೇ! ಮೂರೂ ಸಲ ಹುಡುಕಿಸಿಯೇ ಬಂದಿದ್ದು. ಯಾವುದೋ ಗುಂಡಿ ಅಂಗಡಿ ಸೈಟಲ್ಲಿ ವಿಳಾಸ ಪೂರ್ತಿ ಇತ್ತು. ಎಡಗೈ ಟೈಲರ್, ಸೊಟ್ಟ ಬೆರಳು, ಈ ಫ್ಯಾಕ್ಟರಿ, ಈ ಮಹಡಿ!”

ನನಗೆ ಬೇಕಿದ್ದ ಮಾತು ಬಂದಿತ್ತು. ಫೋನು ನನ್ನ ಹೊಟ್ಟೆಯ ಕೆಳಗಿತ್ತು, ಕರೆ ಇನ್ನೂ ಜೀವಂತ.

“ಆ ಪುಟ ತೆರೆದು ನೋಡಿದ್ರಾ?”

“ನಾನ್ಯಾಕೆ ನೋಡ್ಲಿ?”

“ನೋಡಿದ್ರೆ ಗುಂಡಿಗಳ ಫೋಟೊ ಬಿಟ್ಟು ಏನೂ ಕಾಣ್ತಿರ್ಲಿಲ್ಲ, ಭಾವ. ಆ ಸೈಟು ನಾನೇ ಮಾಡಿದ್ದು, ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ವಿಳಾಸ ಬರೆದಿದ್ದೆ. ಮನುಷ್ಯರ ಕಣ್ಣಿಗೆ ಅದು ಖಾಲಿ ಜಾಗ. ನಿಮ್ಮ ಟೂಲಿಗೆ ಬಣ್ಣ ಗೊತ್ತಾಗಲ್ಲ ನೋಡಿ... ಕೆರೆದು ತಂದು ಕೊಟ್ಟಿದೆ! ಈ ವಿಳಾಸ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ.”



ಜಡೆ ಬಿಗಿಯಿತು. ನೆತ್ತಿ ಉರಿಯಿತು. “ನಿನ್ನ ಸಾಯಿಸ್ದೇ ಬಿಡಲ್ಲ!”

ಓರೆಗಣ್ಣಿನಲ್ಲಿ ನೋಡಿದೆ. ಭಾವ ಊರಿದ ಬಲಗೈಯ ತೋರುಬೆರಳು... ಸರಿಯಾಗಿ ಸೂಜಿಯ ಕೆಳಗೆ! ಕಾಲು ನೆಲ ತಡವಿತು. ಪೆಡಲ್ ಸಿಕ್ಕಿತು.

ಅಕ್ಕನ ಕೈ ನೆನಪಾಯಿತು. ಬಾಗಿಲ ಸಂದಿಯಿಂದ ಹೊರತೆಗೆದಾಗ ಅದು ಇದ್ದ ರೀತಿ.

ಒತ್ತಿದೆ!

ಸೂಜಿ ಉಗುರನ್ನು ಸೀಳಿಕೊಂಡು ಇಳಿದು, ಮೂಳೆಗೆ ತಾಗಿ ಮುರಿದು ನಿಂತಿತು. ಭಾವನ ಕಿರುಚಾಟಕ್ಕೆ ಕಿಟಕಿಯ ಗಾಜು ಅದುರಿತು. ಜಡೆ ಸಡಿಲವಾಯಿತು. ರಾಡನ್ನು ದೂರಕ್ಕೆ ಒದ್ದು, ಗೋಡೆಗೆ ಬೆನ್ನು ಹಚ್ಚಿ ನಿಂತೆ. ನಿಜ ಹೇಳಬೇಕೆಂದರೆ... ಪಶ್ಚಾತ್ತಾಪ ಒಂದು ಚೂರೂ ಆಗಲಿಲ್ಲ.

ಬೂಟುಗಳ ಸದ್ದು. ಇನ್‌ಸ್ಪೆಕ್ಟರ್ ಮೇಡಂ ಏದುಸಿರು ಬಿಡುತ್ತಾ ಒಳಗೆ ಬಂದರು. ಹಿಂದೆ ಇಬ್ಬರು ಪೇದೆಗಳು.

“ಎಲ್ಲಾ ಕೇಳಿಸ್ತು, ರೆಕಾರ್ಡೂ ಆಯ್ತು.” ಭಾವನ ಕೈ ನೋಡಿ ಹುಬ್ಬೇರಿಸಿದರು. “ಇದೇನಮ್ಮ?”

“ಜಡೆ ಬಿಡ್ಲಿಲ್ಲ, ಮೇಡಂ.”

“ಹೂಂ. ಬಿಡಿಸ್ಕೊಳ್ಳದೆ ಇನ್ನೇನು ಮಾಡ್ತೀಯ?”

ಬೆರಳಿಗೆ ಬಟ್ಟೆ ಸುತ್ತಿ, ಕೋಳ ತೊಡಿಸಿದರು. ಬಾಗಿಲ ಹತ್ತಿರ ಭಾವ ತಿರುಗಿ ನಿಂತರು. ಬೆವರು, ಕಣ್ಣೀರು, ಸಿಂಬಳ. ಆದರೂ ಅದೇ ಪ್ರಶ್ನೆ!

“ಎಲ್ಲಿದ್ದಾಳೆ ಹೇಳು... ಅವಳೆಲ್ಲಿ?”

“ಕೋರ್ಟಿನ ಸಾಕ್ಷಿ ಕಟಕಟೆಯಲ್ಲಿ ಸಿಗ್ತಾಳೆ, ಭಾವ,” ಅಂದೆ. “ಈ ಸಲ ಹುಡುಕೋ ಶ್ರಮ ನಿಮಗೆ ಬೇಡ. ಪೊಲೀಸರೇ ಕರ್ಕೊಂಡು ಹೋಗಿ ತೋರಿಸ್ತಾರೆ!”