ಬಾಲ್ಕನಿಯಲ್ಲಿ ಅಂಗಿ ಒಣಗಿಸದ ದಿನಗಳು

ಶುಕ್ರವಾರ ಬೆಳಿಗ್ಗೆ ಬಚ್ಚಲಲ್ಲಿ ಅವರ ಅಂಗಿ ಹಿಂಡುತ್ತಿದ್ದೆ. ಹಿಂದಿನಿಂದ ನನ್ನ ಕೊರಳಿಗೆ ಉಸಿರು ತಾಗಿತು.

“ವಿನೋದಾ, ಅಷ್ಟು ಹಿಂಡ್ತೀಯಲ್ಲ, ಸಿಟ್ಟು ನನ್ನ ಮೇಲಾ, ಅಂಗಿ ಮೇಲಾ?”

“ಮೆಲ್ಲ ಮಾತಾಡಿ. ಗೋಡೆಯಾಚೆ ಇವ್ಲಿನ್ ಬಾಯಿ ಇದ್ದಾರೆ.”

“ಮದುವೆಗೆ ಮೊದಲು ಕದ್ದು ಮಾತಾಡ್ಲಿಕ್ಕೆ ನಿನ್ನಣ್ಣ ಬಿಡ್ಲಿಲ್ಲ. ಈಗ ಆ ಆಸೆ ತೀರಿತು ನೋಡು.”

ಪ್ರೇಮನಾಥ ನಕ್ಕರು. ಸದ್ದೇ ಬರಲಿಲ್ಲ. ಅಡಗಿ ಅಡಗಿ, ಅವರ ನಗುವಿನಿಂದ ಸದ್ದು ಹೊರಟುಹೋಗಿತ್ತು.

ಎಂಬತ್ತೊಂಬತ್ತರ ಮಾತು, ನಾವು ಗಲ್ಫಿನಲ್ಲಿದ್ದೆವು. ಕೆಲಸ ಬದಲಿಸಲು ಹಳೆಯ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಒಪ್ಪಿಗೆ ಕೊಡಬೇಕಿತ್ತು, ಕೊಡಲಿಲ್ಲ. ವೀಸಾ ಬದಲಾವಣೆಯ ಅರ್ಜಿ ಆಫೀಸಿನಲ್ಲಿ ಕುಳಿತಿರುವಾಗಲೇ ಇವರು ದೂರದ ಬರ್ಕಾ ಊರಿನ ಹೊಸ ವರ್ಕ್‌ಶಾಪಿಗೆ ಸೇರಿಬಿಟ್ಟರು. ಸಿಕ್ಕಿಬಿದ್ದರೆ ವಿಮಾನ ಹತ್ತಿಸುತ್ತಾರೆ, ಮತ್ತೆ ಬರುವ ಹಾಗಿಲ್ಲ. ಶಾಲೆಯ ಕೆಲಸದಿಂದ ನನಗೆ ನನ್ನದೇ ವೀಸಾ ಇತ್ತು. ಹಾಗಾಗಿ ದಾರ್ಸೈಟಿನ ಫ್ಲಾಟಿನಲ್ಲಿ ನಾನು ಮತ್ತು ಮಗಳು ತನುಜಾ. ಶುಕ್ರವಾರದ ರಜೆಗೆ ಕದ್ದು ಬರುವ ಇವರು. ಹಳೆಯ ಕಂಪನಿಯ ಫೋರ್‌ಮನ್ ಕೆಳಗಿನ ಮಹಡಿಯಲ್ಲೇ ಇದ್ದ. ಕೇಳಿದವರಿಗೆಲ್ಲ, “ಎಲ್ಲಿ ಹೋದರೋ, ಸುದ್ದಿಯಿಲ್ಲ” ಎನ್ನುತ್ತಿದ್ದೆ. ಅವರ ಚಪ್ಪಲಿ ಬಾಗಿಲ ಹೊರಗಿಡುವಂತಿಲ್ಲ, ಅಂಗಿ ಬಾಲ್ಕನಿಯಲ್ಲಿ ಹಾಕುವಂತಿಲ್ಲ. ಯಾರು ಬಂದರೂ “ಅಪ್ಪ ಇಲ್ಲ” ಎನ್ನಲು ತನುಜಾಗೆ ಕಲಿಸಿದ್ದೆ.

ಬೆಲ್ ಆಯಿತು. ತಿರುಗಿ ನೋಡುವಷ್ಟರಲ್ಲಿ ಇವರು ಮಾಯ. ನೆಲದಲ್ಲಿ ಒದ್ದೆ ಹೆಜ್ಜೆಗಳು ಪರದೆಯವರೆಗೆ ಹೋಗಿ ನಿಂತಿದ್ದವು. ಕಾಲಲ್ಲೇ ಒರೆಸಿ ಬಾಗಿಲು ತೆಗೆದೆ.

ಇವ್ಲಿನ್ ಬಾಯಿ ಇಡ್ಲಿಯಂಥ ಬಿಸಿ ಸಾನ್ನ ತಂದಿದ್ದರು. “ತಿನ್ನು ಮಾರಾಯ್ತಿ, ಎಂತ ಇದು, ಕಡ್ಡಿಯಾಗಿದ್ದಿ.” ಆಮೇಲೆ ನನ್ನ ಕೈ ಹಿಡಿದು ಸ್ವರ ತಗ್ಗಿಸಿದರು. “ಇಷ್ಟು ದಿನ ಸುದ್ದಿ ಇಲ್ಲ ಅಂದ್ರೆ... ಆ ಮರುಭೂಮಿಯಲ್ಲಿ ಎಂತಾಯ್ತೋ. ಇವತ್ತು ಚರ್ಚಲ್ಲಿ ಅವರ ಆತ್ಮಕ್ಕೆ ಪ್ರಾರ್ಥನೆ ಹೇಳಿಸ್ತೇನೆ.”

ಪರದೆ ಅಲುಗಿತು. ಕಿಟಕಿ ಮುಚ್ಚಿತ್ತು.

“ಅಪ್ಪ ಇಲ್ಲ, ಆಂಟಿ,” ಎಂದಳು ತನುಜಾ. ಯಾರೂ ಅವಳನ್ನು ಕೇಳಿರಲಿಲ್ಲ.

ಅವರು ಹೋದ ಮೇಲೆ ಇವರು ಹೊರಬಂದರು. “ನನ್ನ ಆತ್ಮಕ್ಕೂ ಎರಡು ಸಾನ್ನ ಉಂಟಾ?”

ನಗಲು ಹೋದೆ, ಕಣ್ಣು ತುಂಬಿತು. ಅವರು ತಣ್ಣನೆಯ ಬೆರಳಿನಿಂದ ನನ್ನ ಕೆನ್ನೆ ಒರೆಸಿದರು. “ಅರ್ಜಿ ಪಾಸಾದ ದಿನ ಮತ್ರಾ ಪೇಟೆಯಲ್ಲಿ ಎಲ್ಲರೆದುರು ನಿನ್ನ ಕೈ ಹಿಡಿದು ನಡೀತೇನೆ. ಜೋರಾಗಿ ಹಾಡ್ತೇನೆ.”

“ಹಾಡು ಬೇಡ, ಊರು ಖಾಲಿಯಾದೀತು. ಕೈ ಹಿಡಿದರೆ ಸಾಕು.”

ಅವರು ನನ್ನನ್ನೇ ನೋಡುತ್ತಾ ಕುಳಿತರು, ಹೆಣ್ಣು ನೋಡಲು ಬಂದ ದಿನದ ಹಾಗೆ. ಆಮೇಲೆ ಮಗಳತ್ತ ತೋಳು ಚಾಚಿದರು. “ಬಾ ಪುಟ್ಟಿ.”

ತನುಜಾ ಬರಲಿಲ್ಲ. ಮೇಜಿನ ಮೇಲೆ ತಟ್ಟೆಗಳನ್ನಿಟ್ಟಳು. ಎರಡೇ ತಟ್ಟೆ. ಅವರ ಕುರ್ಚಿಗೆ ತಾಗದಂತೆ ದೂರದಿಂದ ಸುತ್ತಿ ಬಂದು ನನ್ನ ಸೆರಗು ಹಿಡಿದಳು. ಚಾಚಿದ ತೋಳುಗಳನ್ನು ನೋಡಿದಳು. ಅವಳ ಮುಖದಲ್ಲಿ ಹೆದರಿಕೆಗಿಂತ ಕನಿಕರವೇ ಹೆಚ್ಚಿತ್ತು. ಮೆಲ್ಲ ಮಾತಾಡಬೇಕೆಂಬುದನ್ನೂ ಮರೆತು ಗಟ್ಟಿಯಾಗಿ ಕೇಳಿದಳು:

“ಅಮ್ಮಾ, ತಾನು ಸತ್ತದ್ದು ಅಪ್ಪನಿಗೆ ಗೊತ್ತುಂಟಾ?”