ಸೆಲ್ಲೊನ ಪಾಲಿನ ಗಂಜಿ

"ಆ ಮಡಕೆ ಮುಟ್ಬೇಡಪ್ಪಾ. ಅದು ಸತ್ತ ನನ್ ಮಗನ ಪಾಲು. ಉಂಡವನ ಬಾಯಿ ಅವನದಾಗಿಬಿಡ್ತದೆ."

ಮುದುಕಿ ಮಾಸೆಲ್ಲೊ ಎದ್ದು ಬಂದು ತಡೆಯಲಿಲ್ಲ. ಗುಡಿಸಲ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಲ್ಲಿಂದಲೇ ಹೇಳಿದಳು. ಯೆಲ್ಲೆ ನಕ್ಕುಬಿಟ್ಟ. ಹಾಲೆಂಡಿನಲ್ಲಿ ಮಕ್ಕಳಿಗೆ ಗಣಿತ ಹೇಳುತ್ತಿದ್ದ ಮೇಷ್ಟರು ಅವನು. ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ ಡಚ್ ರೈತರಾದ ಬೋಯರರ ಪರವಾಗಿ ಇಂಗ್ಲಿಷರ ವಿರುದ್ಧ ಕಾದಾಡುತ್ತೇನೆಂದು ಹಡಗು ಹತ್ತಿ ಬಂದು ಐದು ತಿಂಗಳಾಗಿತ್ತು. ಎರಡು ದಿನದಿಂದ ಹೊಟ್ಟೆಗೆ ಒಣಮಾಂಸದ ಚೂರು ಬಿಟ್ಟು ಬೇರೇನೂ ಬಿದ್ದಿರಲಿಲ್ಲ.

"ಸತ್ತನಾ? ಇಂಗ್ಲಿಷರ ಪಾಳ್ಯಕ್ಕೆ ಓಡಿಹೋಗಿ ಚೆನ್ನಾಗಿ ಉಣ್ತಿದಾನೆ ಬಿಡಜ್ಜಿ. ಅವನ ಬಾಯಿ ನಂಗ್ಯಾಕೆ? ನಂದೇ ಬೇಕಾದಷ್ಟು ದೊಡ್ಡದಿದೆ!"

"ಓಡಿಹೋದ ಅಂತ ಯಾರಂದ್ರು?"

"ಗಿಡಿಯನ್."

ಮುದುಕಿ ಬಾಗಿಲತ್ತ ನೋಡಿದಳು. ತುಕಡಿಯ ನಾಯಕ ಗಿಡಿಯನ್ ಮೂಳೆ ಕೊರೆಯುವ ಗಾಳಿಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಮುದುಕಿಯ ಮಗ ಸೆಲ್ಲೊ ಎರಡು ವರ್ಷ ಅವನ ಕುದುರೆ ನೋಡಿಕೊಂಡಿದ್ದವನು. ಗುಂಡು ಹಾರುವಾಗ ಅವನ ಪಕ್ಕ ಬಿಟ್ಟು ಕದಲದವನು. ಆದರೂ ಗಿಡಿಯನ್ ಆ ತಾಯಿಯ ಹೊಸ್ತಿಲು ತುಳಿಯಲಿಲ್ಲ.

"ಉಣ್ಬೇಕಾದವನು ಹೊರಗೇ ನಿಂತವ್ನೆ. ನೀನು ಬಿಡಪ್ಪಾ, ಹೋಗು" ಎಂದಳು ಮುದುಕಿ.

ಯೆಲ್ಲೆ ಮಡಕೆಯೊಳಗೆ ಕೈ ಹಾಕಿದ. ಜೋಳದ ಹುಳಿಗಂಜಿ. ಹುಳಿಯ ಅಡಿಯಲ್ಲಿ ಯಾವುದೋ ಬೇರಿನ ಕಹಿ, ಸುಟ್ಟ ಕೂದಲಿನ ಕಮಟು. ತಣ್ಣಗಿದ್ದ ಗಂಜಿ ಗಂಟಲಲ್ಲಿ ಇಳಿಯುತ್ತ ಬೆಚ್ಚಗಾಯಿತು. ಉಸಿರಾಡುವ ಪ್ರಾಣಿಯೊಂದನ್ನು ನುಂಗಿದ ಹಾಗಿತ್ತು. ಆದರೂ ತಳ ಸವರಿ ತಿಂದ.

ಮುದುಕಿ ಕಂಬಳಿಯನ್ನು ಮುಖದ ಮೇಲೆಳೆದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ದಿಬ್ಬದಾಚೆ ಹೊಗೆ ಎದ್ದಿತು. ಇಂಗ್ಲಿಷ್ ಸವಾರರು ಒಂದೊಂದೇ ತೋಟದ ಮನೆಗೆ ಬೆಂಕಿಯಿಡುತ್ತ ಬರುತ್ತಿದ್ದರು. ತುಕಡಿಯಲ್ಲಿ ಉಳಿದಿದ್ದವರು ಏಳೇ ಜನ. ಕುದುರೆಗಳನ್ನು ಕಣಿವೆಯಲ್ಲಿ ಬಿಟ್ಟು, ಹೊಳೆಯಂಚಿನ ಜೊಂಡಿನೊಳಗೆ ಕೆಸರಿಗೆ ಎದೆಯೊತ್ತಿ ಮಲಗಿದರು. ಕೊಳೆತ ಬೇರು, ಸುಟ್ಟ ಉಣ್ಣೆ, ಬೆವರು, ಎಲ್ಲ ಸೇರಿದ ನಾತ. ಯೆಲ್ಲೆಯ ಬಲಕ್ಕೆ ಗಿಡಿಯನ್, ಎಡಕ್ಕೆ ಮುದುಕ ಕೂಸ್. ಚಳಿಗಾಲವಿಡೀ ಯೆಲ್ಲೆ ಕೂಸ್‌ನ ಕಂಬಳಿಯಲ್ಲೇ ಅರ್ಧ ಹೊದ್ದು ಮಲಗಿದ್ದ.

"ಉಸಿರೆತ್ತಬೇಡ ಮೇಷ್ಟ್ರೇ" ಎಂದು ಕೂಸ್ ಪಿಸುಗುಟ್ಟಿದ.

ಗೊರಸಿನ ಸದ್ದು ಹತ್ತಿರವಾಯಿತು. ಲಗಾಮಿನ ಕಿಣಿಕಿಣಿ. ಇಪ್ಪತ್ತು ಮಾರು. ಹದಿನೈದು. ಸವಾರರು ನಿಲ್ಲಲಿಲ್ಲ. ದಾಟಿದರು. ಬೆನ್ನು ಕಾಣಿಸಿತು.

ಆಗ ಯೆಲ್ಲೆಯ ಹೊಟ್ಟೆಯಲ್ಲಿ ಏನೋ ಮಗ್ಗುಲು ಬದಲಿಸಿತು.

ಮೇಲೇರಿತು. ಎದೆಗೆ ಬಂತು. ಗಂಟಲಿಗೆ ಬಂತು. ಅವನು ಹಲ್ಲು ಕಚ್ಚಿದ. ದವಡೆ ತಾನಾಗಿ ತೆರೆಯಿತು. ಬಾಯಿಗೆ ಕೆಸರು ತುರುಕಿಕೊಂಡ. ನಾಲಿಗೆ ಅದನ್ನು ಹೊರಗೆ ತಳ್ಳಿತು.

"ಗಿಡಿಯನ್ ಬಾಸ್! ಇಲ್ಲೇ ಇದೀನಿ! ನೀವ್ ಹೇಳ್ದಂಗೇ ಹೊಳೆ ಹತ್ರ ಕಾಯ್ತಾ ಇದೀನಿ! ಕುದುರೆ ತಂದು ಕರ್ಕೊಂಡ್ ಹೋಗ್ತೀನಿ ಅಂದಿದ್ರಲ್ಲಾ! ಎಲ್ಲಿದೀರಾ?"

ಒರಟು ದನಿ. ಸೆಲ್ಲೊನ ದನಿ.

ಗಿಡಿಯನ್‌ನ ಮುಖ ಬೂದಿಬಣ್ಣಕ್ಕೆ ತಿರುಗಿತು. "ಬರ್ತಿದ್ದೆ ಕಣೋ ಸೆಲ್ಲೊ... ಇಂಗ್ಲಿಷರು ಹತ್ರ ಬಂದ್ಬಿಟ್ಟಿದ್ರು, ನಾನೇನ್ ಮಾಡ್ಲಿ?" ಎಂದು ತೊದಲಿದ.

ಸೆಲ್ಲೊ ಓಡಿಹೋಗಿರಲಿಲ್ಲ. ಅವನನ್ನು ಹೊಳೆಯ ಬಳಿ ಬಿಟ್ಟು ಓಡಿದವನು ಗಿಡಿಯನ್. ಯೆಲ್ಲೆಗೆ ಅದು ಹೊಳೆಯುವಷ್ಟರಲ್ಲಿ ಸವಾರರು ತಿರುಗಿದ್ದರು. ಗುಂಡು. ಜೊಂಡು ಹರಿದು ಬಿತ್ತು. ಮತ್ತೆ ಗುಂಡು. ಯಾರೋ ಅವ್ವನನ್ನು ಕರೆದರು. ನೀರು ಕೆಂಪಾಯಿತು. ಗಿಡಿಯನ್ ಬೋರಲಾಗಿ ತೇಲಿದ.

ಬದುಕುಳಿದವರು ಇಬ್ಬರು. ಕೂಸ್‌ನ ಎರಡು ಕೈಗಳನ್ನೂ ಹಿಂದಕ್ಕೆ ಕಟ್ಟಿದರು. ಅವನು ಯೆಲ್ಲೆಯನ್ನೇ ನೋಡುತ್ತಿದ್ದ.

"ಒಂದೇ ಕಂಬಳೀಲಿ ಮಲಗಿದ್ವಲ್ಲೋ ಮೇಷ್ಟ್ರೇ. ಇವ್ರಿಗೆ ಯಾವಾಗಿಂದ ಮಾರ್ಕೊಂಡಿದ್ದೆ?"

ಯೆಲ್ಲೆಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಇಲ್ಲ ಕೂಸ್, ನಾನಲ್ಲ, ದೇವರಾಣೆ ನಾನಲ್ಲ. ಒಂದೊಂದು ಮಾತೂ ಎದೆಯಲ್ಲಿ ಸ್ಪಷ್ಟವಾಗಿತ್ತು. ಅವನು ಬಾಯಿ ತೆರೆಯುವ ಮೊದಲೇ ಇಂಗ್ಲಿಷ್ ಅಧಿಕಾರಿ ಕುದುರೆಯಿಂದಿಳಿದು, ಹರಕುಮುರುಕು ಡಚ್ಚಿನಲ್ಲಿ ಕೇಳಿದ:

"ನಮ್ಮನ್ನ ಕೂಗಿ ಕರೆದವನು ನೀನೇನಾ?"

"ಹೌದು ದೊರೆ, ನಾನೇ" ಎಂದಿತು ಬಾಯಿ.