ಐವತ್ತನಾಲ್ಕು ಅಂಕಿಗಳು

2006ರ ನವೆಂಬರ್ 14, ಮಂಗಳವಾರ, ಬೆಳಿಗ್ಗೆ 10.40. ವಿಶ್ವವಿದ್ಯಾಲಯದ ಸಂಶೋಧಕಿ ವಿಜಯಾ ಠಾಣೆಗೆ ಬಂದು ಒಂದು ಪುಟದ ದೂರು ಕೊಟ್ಟರು. ಕೇದಾರ ಘಾಟಿನ ಹಿಂದಿನ ಗಲ್ಲಿಯ ಕನ್ನಡದವರ ಮಠದಲ್ಲಿ ಗ್ರಂಥಾಲಯವಿದೆ, ಅಲ್ಲೊಂದು ಕಂಪ್ಯೂಟರ್ ಇದೆ. ಯಾರೋ ಅದರಲ್ಲಿದ್ದುದನ್ನೆಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿದ್ದಾರೆ. ಎರಡು ವರ್ಷ ಕೂತು ತಾಳೆಗರಿಯಿಂದ ಟೈಪ್ ಮಾಡಿದ 312 ಪುಟ ಹೋಗಿದೆ.

ಇನ್ಸ್‌ಪೆಕ್ಟರ್ ಶ್ರೀನಿವಾಸ ಹಿಂದಿಯಲ್ಲೇ ವಿಚಾರಿಸಿದರು. ಅವರ ಹಿರಿಯರು ಕಾಶಿಗೆ ಬಂದು ನೆಲೆಸಿದ ಕನ್ನಡದವರು. ಆದರೆ ತಾಯಿ ಗೋದಾಬಾಯಿ ತೀರಿಕೊಂಡು ಆರು ವರ್ಷವಾಗಿತ್ತು, ಆಮೇಲೆ ಆ ಭಾಷೆಯಲ್ಲಿ ಮಾತಾಡಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

"ಮೂಲ ತಾಳೆಗರಿ ಇದೆಯಲ್ಲ?"

"ಇಲ್ಲ ಸರ್. ರಾಮನಗರದ ಒಬ್ಬರ ಮನೆಯದು. ಹುಳ ತಿಂದು ಪುಡಿಯಾಗಿತ್ತು. ನನ್ನ ಟೈಪಿಂಗ್ ಮುಗೀತು ಅಂದ ಮೇಲೆ, ದೇವರ ಗ್ರಂಥ ಮನೆಯಲ್ಲಿ ಹಾಳಾಗಬಾರದು ಅಂತ ಗಂಗೆಗೆ ಬಿಟ್ಟರು."

"ಇನ್ನೊಂದು ಪ್ರತಿ?"

"ಸಿಡಿಗೆ ಹಾಕಿಕೊಳ್ಳಬೇಕಿತ್ತು. ನಾಳೆ, ನಾಡಿದ್ದು ಅಂದೆ." ಆಕೆ ತಲೆ ತಗ್ಗಿಸಿದರು.

"ಯಾರ ಮೇಲೆ ಅನುಮಾನ?"

"ಕಾರ್ತಿಕ. ನಮ್ಮ ವಿಭಾಗದವನೇ. ಈ ಕೃತಿ ತನಗೆ ಬೇಕು ಅಂತ ಜಗಳವಾಡಿದ್ದ. ಜುಲೈಯಿಂದ ನಾಲ್ಕು ಸಲ ಆ ಕಂಪ್ಯೂಟರಿಗೆ ವೈರಸ್ ಬಂದಿದೆ. ಗ್ರಂಥಾಲಯದ ಹಾಲಯ್ಯನವರು ಪ್ರತಿ ಸಲ ನನ್ನ ಫೈಲು ಉಳಿಸಿಕೊಟ್ಟಿದ್ದರು. ಈ ಸಲ ಆಗಲಿಲ್ಲ."

ಎಫ್‌ಐಆರ್ ಆಯಿತು. ಐಟಿ ಕಾಯ್ದೆಯ ಪ್ರಕರಣವಾದ್ದರಿಂದ ತನಿಖೆ ಕಾಗದದ ಮೇಲೆ ಡಿವೈಎಸ್ಪಿಯವರದು, ಗಲ್ಲಿ ಸುತ್ತುವ ಭಾಗ್ಯ ಶ್ರೀನಿವಾಸ ಅವರದು.

ಮಧ್ಯಾಹ್ನ 1.15ಕ್ಕೆ ಮಠದ ವ್ಯವಸ್ಥಾಪಕ ಸಂಗಯ್ಯ ಮತ್ತು ಪಕ್ಕದ ಮನೆಯ ತಾರಾದೇವಿ ಅವರ ಸಮಕ್ಷಮದಲ್ಲಿ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ಬೀಗದ ಕೈ ಕಚೇರಿಯ ಮೊಳೆಗೆ ನೇತಾಡುತ್ತಿತ್ತು, ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು. ಗ್ರಂಥಾಲಯ ನೋಡಿಕೊಳ್ಳುವ ಹಾಲಯ್ಯ, ಐವತ್ತೆಂಟರ ಸಣಕಲು ಮನುಷ್ಯ, ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಮೊದಲೊಮ್ಮೆ ಇದೇ ಯಂತ್ರ ಸರಿಮಾಡಿದ್ದ ಕಂಪ್ಯೂಟರ್ ಮೆಕ್ಯಾನಿಕ್ ರೋಹಿತನನ್ನು ಕರೆಸಿದ್ದರು. ಅವನು ನೋಡಿ ಹೇಳಿದ: "ವಿಂಡೋಸ್ ಹಾಕಿದ್ದು ಮೊನ್ನೆ ಭಾನುವಾರ, ಮಧ್ಯಾಹ್ನ 2.20ಕ್ಕೆ. ಲೈಸೆನ್ಸ್ ಕೂಡ ಆಕ್ಟಿವೇಟ್ ಆಗಿದೆ."

"ಹಾಗಂದರೆ?"

"ಇದು ಅಸಲಿ ಸಿಡಿ ಸಾಬ್. ಮತ್ತೆ ಹಾಕಿದಾಗೆಲ್ಲ ಕಂಪನಿಯಿಂದ ಒಪ್ಪಿಗೆ ಪಡೆಯಬೇಕು. ಇಲ್ಲಿ ಇಂಟರ್ನೆಟ್ ಇಲ್ಲ, ಫೋನಿನಲ್ಲೇ ಮಾಡಬೇಕು. ಪರದೆ ಮೇಲೆ ಐವತ್ತನಾಲ್ಕು ಅಂಕಿ ಬರುತ್ತೆ, ಓದಿ ಹೇಳಬೇಕು. ಅವರು ನಲವತ್ತೆರಡು ಅಂಕಿ ಹೇಳ್ತಾರೆ, ಒತ್ತಬೇಕು."

"ತಕ್ಷಣ ಮಾಡಲೇಬೇಕಾ?"

"ಇಲ್ಲ, ಮೂವತ್ತು ದಿನ ಟೈಮ್ ಇರುತ್ತೆ."

ಶ್ರೀನಿವಾಸ ಕುರ್ಚಿ ಎಳೆದುಕೊಂಡು ಕೂತರು. ಹೊಟ್ಟೆಕಿಚ್ಚಿಗೆ ಹಾಳುಮಾಡಲು ಬಂದವನು ಅಳಿಸಿ ಓಡಿಹೋಗುತ್ತಾನೆ. ಫೋನ್ ಹಿಡಿದು ಐವತ್ತನಾಲ್ಕು ಅಂಕಿ ಓದಿ ಪರವಾನಗಿ ಸರಿಮಾಡಿಡುವ ದರ್ದು ಅವನಿಗೇನಿದೆ? ಕಾರ್ತಿಕನೂ ಭಾನುವಾರವಿಡೀ ರೈಲಿನಲ್ಲಿದ್ದ. ಅಂದು ಸಂಜೆ ವಿಚಾರಿಸಿದಾಗ ಅವನು ತೋರಿಸಲಿದ್ದ ಟಿಕೆಟ್ಟು ಸುಳ್ಳಾಗಿರಲಿಲ್ಲ.

ಅಷ್ಟರಲ್ಲಿ ಕಾನ್‌ಸ್ಟೆಬಲ್ ಶೀತಲ್ ಪ್ರಸಾದ್ ಗ್ರಂಥಾಲಯದ ಮೇಜಿನ ಡ್ರಾಯರಿನಿಂದ ಐದು ಚೀಟಿ ತೆಗೆದ. "ಸಾಬ್, ಏನೋ ಗುಪ್ತ ಬರಹ."

ಪ್ರತಿ ಚೀಟಿಯಲ್ಲೂ ಆರಾರು ಅಂಕಿಯ ಒಂಬತ್ತು ಗುಂಪು, ಒಟ್ಟು ಐವತ್ತನಾಲ್ಕು. ಶ್ರೀನಿವಾಸ ಅವರಿಗೆ ಕನ್ನಡ ಓದಲು ಬಾರದು. ಆದರೆ ಈ ಅಂಕಿಗಳು ಗೊತ್ತು. ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹಬ್ಬದ ದಿನ ಗುರುತು ಹಾಕುತ್ತಿದ್ದದ್ದು ಇವುಗಳಲ್ಲೇ. ೩, ೭, ೯. ಅವರು ಚೀಟಿ ಹಿಡಿದು ಕಪಾಟಿನತ್ತ ನಡೆದರು.

ಕಪಾಟಿನ ಕಟ್ಟುಗಳಿಗೆಲ್ಲ ಸಂಖ್ಯೆಯ ಚೀಟಿ ಅಂಟಿಸಿತ್ತು. ಅದೇ ಕೈಬರಹ, ಅದೇ ಬಾಲದ ೭.

"ಇವನ್ನು ಬರೆದವರು ಯಾರು?"

"ನಮ್ಮ ಹಾಲಯ್ಯನೇ. ಮಠದಲ್ಲಿ ಈಗ ಕನ್ನಡದ ಅಂಕಿ ಬರೆಯೋನು ಅವನೊಬ್ಬ," ಎಂದ ಸಂಗಯ್ಯ, ಹಿಂದಿಯಲ್ಲಿ. ಹಾಲಯ್ಯ ನೆಲ ನೋಡುತ್ತಿದ್ದ.

ಬುಧವಾರ ಟೆಲಿಫೋನ್ ಎಕ್ಸ್‌ಚೇಂಜಿನಿಂದ ವಿವರ ಬಂತು. ಜುಲೈಯಿಂದ ಆ ಕಂಪನಿಯ ಸಂಖ್ಯೆಗೆ ಐದು ಕರೆ. ಮೊದಲನೆಯದು ಹದಿನಾಲ್ಕು ನಿಮಿಷ. ಆಮೇಲಿನವು ಮೂವತ್ತೊಂದು, ಮೂವತ್ತಾರು, ನಲವತ್ತು. ಭಾನುವಾರದ್ದು ಐವತ್ತೆರಡು.

"ಎಷ್ಟೇ ನಿಧಾನ ಓದಿದರೂ ಹದಿನೈದು ನಿಮಿಷದ ಕೆಲಸ ಸಾಬ್," ಎಂದ ರೋಹಿತ.

ಮಧ್ಯಾಹ್ನ 3.10ಕ್ಕೆ ಹಾಲಯ್ಯನನ್ನು ಠಾಣೆಗೆ ಕರೆತಂದರು. ವಿಜಯಾ ಆಗಲೇ ಬಂದು ಕೂತಿದ್ದರು. ಹಿಂದಿಯ ಪ್ರಶ್ನೆಗಳಿಗೆ ಅವನದು ಹಾಂ, ನಹೀಂ ಅಷ್ಟೇ. ಶ್ರೀನಿವಾಸ ಪೆನ್ನು ಕೆಳಗಿಟ್ಟರು. ನಾಲಿಗೆ ತಡವರಿಸಿತು. ಆದರೂ ಕನ್ನಡದಲ್ಲೇ ಕೇಳಿದರು:

"ಹಾಲಯ್ಯ, ನಿಮ್ಮ... ಯಾವೂರು?"

ಹಾಲಯ್ಯ ತಲೆ ಎತ್ತಿದ. ಅವನ ಕಣ್ಣು ತುಂಬಿತು.

"ಆಕಿನೂ ಹಿಂಗಽ ಕೇಳಿದ್ಲ್ರಿ ಸಾಹೇಬ್ರ."

"ಯಾರು?"

"ಫೋನಿನಾಗಿನ ಹುಡುಗಿ. ಮೊದಲ್ನೇ ಸಲ ಖರೇನಽ ವೈರಸ್ ಬಂದಿತ್ರಿ. ರೋಹಿತ ಎಲ್ಲಾ ಹಾಕಿ, ಫೋನ್ ನನ್ ಕೈಯಾಗ ಕೊಟ್ಟು, ಅಂಕಿ ಓದು ಅಂದ. ನಾ ಹಿಂದ್ಯಾಗ ಓದಾಕ ಹತ್ತಿದೆ, ತಪ್ಪಿದೆ. ಆಕಿ, 'ಸಾರ್, ನೀವು ಕನ್ನಡದೋರಾ? ಕನ್ನಡದಲ್ಲೇ ಹೇಳಿ' ಅಂದ್ಲು. ಬೆಂಗಳೂರಾಗ ಕೂತಾಳಂತ. ಯಾವೂರು ಅಂದ್ಲು. ಕೊಟ್ಟೂರು ಕಡೀಗೆ ಅಂದೆ. ಊಟ ಆಯ್ತಾ ಅಂದ್ಲು." ಅವನು ಕಣ್ಣು ಒರೆಸಿಕೊಂಡ. "ನಾ ಕಾಶಿಗೆ ಬಂದು ಮೂವತ್ತೊಂದು ವರ್ಷಾತ್ರಿ. ಸಂಗಾಟ ಬಂದೋರು ಎಲ್ಲಾ ಹೋದ್ರು. ಊರಿಂದ ಯಾತ್ರಿಗೆ ಬರೋರು ಬಿಸಿನೀರು ಎಲ್ಲಿ ಅಂತ ಕೇಳ್ತಾರ, ಹೊಕ್ಕಾರ."

"ಅದಕ್ಕೆ ಮತ್ತೆ ಮತ್ತೆ ಅಳಿಸಿದಿರಿ?"

"ಹೌದ್ರಿ. ರೋಹಿತ ಹಾಕೋದು ನೋಡಿ ಕಲ್ತಿದ್ದೆ. ಸುಮ್ನ ಫೋನ್ ಮಾಡಿದ್ರ ಯಾರು ಮಾತಾಡ್ತಾರ? ಅಂಕಿ ಇದ್ರ ಮಾತಾಡ್ತಾರ. ಪ್ರತಿ ಸಲ ಬ್ಯಾರೆ ಬ್ಯಾರೆಯೋರು. ಆದ್ರೂ ಕನ್ನಡದಾಗ ಮಾತಾಡ್ತಿದ್ರು, ಅದಕ್ಕ ನಾ ತಡದು ತಡದು ಓದತಿದ್ದೆ."

"ಫೈಲು?"

"ಮೊದ್ಲಽ ಸಿಡಿಗೆ ಇಳಿಸಿಕೊಂತಿದ್ದೆ, ಮೈ ಡಾಕ್ಯುಮೆಂಟ್ಸ್ ಪೂರಾ. ಈ ಸಲಾನೂ ಇಳಿಸೀನಿ."

ವಿಜಯಾ ಹಣೆ ಹಿಡಿದುಕೊಂಡರು. "ಅಲ್ಲಿರಲಿಲ್ಲ ಹಾಲಯ್ಯನವ್ರೇ. ಕಳೆದ ತಿಂಗಳು ಹೊಸ ಕನ್ನಡ ತಂತ್ರಾಂಶ ಹಾಕಿದ್ವಲ್ಲ, ಎಲ್ಲಾನೂ ಅದರ ಫೋಲ್ಡರಿಗೆ ಸರಿಸಿದ್ದೆ."

"ನಂಗ ಗೊತ್ತಿರ್ಲಿಲ್ರಿ ಅಕ್ಕಾರ."

"ಎರಡು ವರ್ಷ, ವಾರಕ್ಕೆ ಮೂರು ದಿನ ನಿಮ್ಮೆದುರೇ ಕೂತಿದ್ದೆ. ನಾನೂ ಕನ್ನಡದವಳೇ. ನನ್ನ ಹತ್ರ ಮಾತಾಡಬಹುದಿತ್ತಲ್ಲ!"

"ನೀವು ಕಿವಿಗೆ ಹಾಡು ಹಾಕ್ಕೊಂಡು ಕೂಡ್ತಿದ್ರಿ," ಎಂದ ಹಾಲಯ್ಯ. "ನಿಮ್ ಕೆಲ್ಸ ಕೆಡಬಾರ್ದಂತ ಸುಮ್ನಿದ್ದೆ."

ವಿಜಯಾ ದೂರು ಹಿಂತೆಗೆದುಕೊಳ್ಳಲಿಲ್ಲ. ಕಳೆದದ್ದು ಅಂಥದ್ದು, ಅವರನ್ನು ದೂರುವ ಹಾಗಿಲ್ಲ. ಆದರೆ ಹೊರಡುವ ಮುಂಚೆ ಶೀತಲ್ ಪ್ರಸಾದನನ್ನು ಕಳಿಸಿ ಹಾಲಯ್ಯನಿಗೆ ಚಹಾ ತರಿಸಿ, ಅದು ಮುಗಿಯುವ ತನಕ ಎದುರಿಗೆ ಕೂತಿದ್ದರು.

ಸಂಜೆ 5.50ಕ್ಕೆ ದಸ್ತಗಿರಿ ದಾಖಲಾಯಿತು. ಮೆಮೊದಲ್ಲಿ ಹಾಲಯ್ಯ ಕನ್ನಡದಲ್ಲಿ ಸಹಿ ಮಾಡಿ, ಕೆಳಗೆ ೧೫-೧೧-೨೦೦೬ ಎಂದು ಬರೆದ. ಕಂಪ್ಯೂಟರಿನ ಡಿಸ್ಕು ಲಖನೌದ ಪ್ರಯೋಗಾಲಯಕ್ಕೆ ಹೋಯಿತು. ಮಾರ್ಚಿನಲ್ಲಿ ವರದಿ ಬಂದಾಗ ಮರಳಿ ಸಿಕ್ಕಿದ್ದು ನಲವತ್ತೊಂದು ಪುಟ.

ದಸ್ತಗಿರಿಯ ದಿನ ಸಂಜೆ ಕೇಸ್ ಡೈರಿ ನಕಲು ಮಾಡುತ್ತಿದ್ದ ಶೀತಲ್ ಪ್ರಸಾದ್ ಕೇಳಿದ: "ಸಾಬ್, ಮೂರೂ ಹತ್ತರಿಂದ ಐದೂ ಐವತ್ತು. ಹೇಳಿಕೆ ನೋಡಿದರೆ ಒಂದೇ ಪುಟ. ಅಷ್ಟು ಹೊತ್ತು ಅವನು ಏನು ಹೇಳಿದ?"

"ಅವರ ಊರಿನ ಕೆರೆ ಬಗ್ಗೆ ಹೇಳಿದ."

"ನೀವು?"

ಶ್ರೀನಿವಾಸ ಟೋಪಿ ಎತ್ತಿಕೊಂಡರು. "ನಾನು ನನ್ನ ಅಮ್ಮನ ಬಗ್ಗೆ ಹೇಳಿದೆ," ಎಂದು ಲಾಕಪ್ಪಿನ ಕಡೆ ನಡೆದರು. ಹಾಲಯ್ಯನಿಗೆ ಊಟ ಆಯಿತಾ ಎಂದು ಕೇಳಬೇಕಿತ್ತು.